ನಾಲ್ಕನೇ ಸಾಲಿನ ನಂಬರ್ 3

ನಮ್ಮ ಬನಶಂಕರಿ ಅಪಾರ್ಟ್‌ಮೆಂಟಿನ ಖಜಾಂಚಿ ಅಂಕಲ್ ಟ್ಯಾಂಕರ್ ನೀರಿನ ಲೆಕ್ಕದ ಎಕ್ಸೆಲ್ ಕಳಿಸಿದ್ರು. "ಟೋಟಲ್ ಹಾಕ್ಕೊಡಪ್ಪ, ನೀನು ಸಾಫ್ಟ್‌ವೇರ್ ಅಲ್ವಾ." ಐದು ನಿಮಿಷದ ಕೆಲಸ ಅಂದ್ಕೊಂಡು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಟೇಬಲ್ ಓದೋ ಪಾಂಡಾಸ್ ಅನ್ನೋ ಟೂಲ್‌ಗೆ ಕೊಟ್ಟೆ. ಮೊದಲ ಕಾಲಮ್ಮಿಗೆ ಇಡೀ ಅಸೋಸಿಯೇಷನ್ ಹೆಸರು, ಉಳಿದವೆಲ್ಲ 'ಅನ್‌ನೇಮ್ಡ್: 1', 'ಅನ್‌ನೇಮ್ಡ್: 2'. ನಾಮಕರಣ ಆಗದ ಮಕ್ಕಳ ಥರ!

ಫೈಲ್ ತೆಗೆದು ನೋಡಿದ್ರೆ ಮೇಲೆ ಹೆಸರು, ಅದರ ಕೆಳಗೆ ವಿಳಾಸ, ಆಮೇಲೆ ತಿಂಗಳು. ಲಗ್ನಪತ್ರಿಕೆಯೇ ಸರಿ. ದಿನಾಂಕ, ಲೋಡ್, ಮೊತ್ತ ಅನ್ನೋ ಅಸಲಿ ಹೆಡರ್, ಅಂದ್ರೆ ಕಾಲಮ್ಮುಗಳ ಹೆಸರಿರೋ ಸಾಲು, ನಾಲ್ಕನೇ ಸಾಲಲ್ಲಿ. ನಾವು ಹೇಳದಿದ್ರೆ ಪಾಂಡಾಸ್ ಮೊದಲ ಸಾಲನ್ನೇ ಹೆಡರ್ ಅಂತ ಹಿಡ್ಕೊಳ್ಳತ್ತೆ. ಎಣಿಕೆ ಬೇರೆ ಸೊನ್ನೆಯಿಂದ; ಹಾಗಾಗಿ ಹೆಡರ್=3 ಅನ್ನಬೇಕು. ನಾನು ಆತುರಗೇಡಿ, 4 ಕೊಟ್ಟು ಕೊನೇ ಕಾಲಮ್ ಕೂಡಿಸಿ ಕಳಿಸ್ದೆ. 1ನೇ ತಾರೀಖಿನ ಲೋಡೇ ಹೆಡರ್ ಆಗಿ ಕೂತು, ಲೆಕ್ಕದಿಂದ ಒಂದು ಟ್ಯಾಂಕರ್ ಮಾಯ. ಎರರ್ ಗಿರರ್ ಏನೂ ಬರಲ್ಲ, ಅದೇ ಕಷ್ಟ.

ಹಿಡಿದಿದ್ದು ಅಂಕಲ್ಲೇ, ತಮ್ಮ ನೋಟ್‌ಬುಕ್ ನೋಡಿ. ಅದರಲ್ಲಿ ಹೆಡರೇ ಇಲ್ಲ. ಯಾವ ಸಾಲು ಬಿಡಬೇಕು, ಎಲ್ಲಿಂದ ಎಣಿಸಬೇಕು ಅಂತ ಅವರ ಕಣ್ಣಿಗೆ ಯಾರೂ ಹೇಳಿಕೊಟ್ಟಿಲ್ಲ. "ಆ ಟ್ಯಾಂಕರ್ ದುಡ್ಡು ನೀನೇ ಕೊಡ್ತೀಯೇನಪ್ಪ?" ಅಂದ್ರು.