ಕೌಂಟರ್ ಹಿಂದೆ ನಿಂತವರಿಗೆ ಮಾತ್ರ ಗೊತ್ತಿರುವುದು

ದುಬಾರಿ ಬ್ಯೂಟಿ ಬ್ರ್ಯಾಂಡ್‌ಗಳ ಕೌಂಟರ್‌ಗೆ ಹೊಸದಾಗಿ ಸೇರಿದವರು ನನ್ನ ಟ್ರೇನಿಂಗ್‌ಗೆ ಬರುತ್ತಾರೆ. ಬ್ರೇಕ್ ಹೊತ್ತಿನಲ್ಲಿ ಒಬ್ಬರಾದರೂ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ, "ಇಲ್ಲಿಂದ ಮೇಲಕ್ಕೆ ಹೋಗೋದು ಹೇಗೆ ಮೇಡಂ?" ಮಾರ್ಕೆಟಿಂಗ್ ಡಿಗ್ರಿ ಬೇಕಾ, ಫ್ರೆಂಚ್ ಬರಬೇಕಾ, ಒಳಗೆ ಯಾರಾದರೂ ಪರಿಚಯದವರು ಇರಬೇಕಾ ಅಂತ.

ನಾನು ಬ್ಯೂಟಿ ಅಡ್ವೈಸರ್ ಆಗಿ, ಅಂದರೆ ಕೌಂಟರ್‌ನಲ್ಲಿ ನಿಂತು ತೋರಿಸಿ ಮಾರುವವಳಾಗಿ ಶುರು ಮಾಡಿದವಳು. ಆಮೇಲೆ ಕೌಂಟರ್ ಮ್ಯಾನೇಜರ್ ಆದೆ. ಈಗ ಟ್ರೇನಿಂಗ್ ನೋಡಿಕೊಳ್ಳುತ್ತೇನೆ. ಡಿಗ್ರಿ, ಭಾಷೆ, ಪರಿಚಯ ಎಲ್ಲವೂ ಸ್ವಲ್ಪ ಸಹಾಯ ಮಾಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನನ್ನು ಮೇಲಕ್ಕೆ ತಂದದ್ದು ಒಂದು ನೋಟ್‌ಬುಕ್. ಕೌಂಟರ್‌ನಲ್ಲಿ ನಿಂತವರಿಗೆ ದಿನಾ ಕಾಣುವ ಎಷ್ಟೋ ಸಂಗತಿಗಳು ಆಫೀಸಿನಲ್ಲಿ ಕೂತವರಿಗೆ ಕಾಣುವುದೇ ಇಲ್ಲ. ಅದನ್ನು ಅವರಿಗೆ ಅರ್ಥವಾಗುವ ಹಾಗೆ ಬರೆದು ತೋರಿಸುವವರು ಕಡಿಮೆ. ಬರೆಯುವವರನ್ನು ಕಂಪನಿ ಹುಡುಕಿಕೊಂಡು ಬರುತ್ತದೆ.

ಆಫೀಸಿಗೆ ಏನು ಕಾಣುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ಬಿಲ್ ಆದದ್ದು ಕಾಣುತ್ತದೆ. ಯಾವ ಲಿಪ್‌ಸ್ಟಿಕ್ ಎಷ್ಟು ಹೋಯಿತು, ಯಾವ ಸೀರಮ್ ಶೆಲ್ಫ್‌ನಲ್ಲೇ ಉಳಿಯಿತು, ಇದೆಲ್ಲ ಸಿಸ್ಟಮ್‌ನಲ್ಲಿ ಇರುತ್ತದೆ. ಆದರೆ ಒಬ್ಬರು ಬಂದು, ಟೆಸ್ಟರ್, ಅಂದರೆ ಹಚ್ಚಿ ನೋಡಲು ಇಟ್ಟ ಸ್ಯಾಂಪಲ್, ತೆಗೆದು ಕೈಗೆ ಹಚ್ಚಿಕೊಂಡು, ಕನ್ನಡಿ ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಹೊರಟುಹೋದರು ಅಂದುಕೊಳ್ಳಿ. ಅದಕ್ಕೆ ಬಿಲ್ ಇಲ್ಲ. ಅವರು ಯಾಕೆ ಹೋದರು ಅಂತ ಗೊತ್ತಿರುವ ಮನುಷ್ಯ ಪ್ರಪಂಚದಲ್ಲಿ ನೀವೊಬ್ಬರೇ. ಸಂಜೆ ಆಗುವಷ್ಟರಲ್ಲಿ ನೀವೂ ಮರೆತಿರುತ್ತೀರಿ.

ನನ್ನ ಮೊದಲ ಬಡ್ತಿಗೆ ಕಾರಣವಾದದ್ದು ಒಂದು ಫೌಂಡೇಶನ್, ಮುಖದ ಬಣ್ಣ ಸಮ ಕಾಣಲು ಹಚ್ಚುವ ಮೇಕಪ್. ಚೆನ್ನಾಗಿ ಮಾರಾಟವಾಗುತ್ತಿತ್ತು, ಆದರೆ ವಾಪಸ್ ಬರುವುದೂ ಜಾಸ್ತಿ. ಆಫೀಸಿನ ರಿಪೋರ್ಟ್‌ನಲ್ಲಿ ಕಾರಣದ ಜಾಗದಲ್ಲಿ "ಶೇಡ್ ಹೊಂದಲಿಲ್ಲ" ಅಂತ ಮಾತ್ರ ಇರುತ್ತಿತ್ತು. ಅದನ್ನು ಓದಿದವರು ಅಡ್ವೈಸರ್‌ಗೆ ಶೇಡ್ ನೋಡಲು ಬರುವುದಿಲ್ಲ ಅಂತ ತೀರ್ಮಾನ ಮಾಡಿಬಿಡುತ್ತಿದ್ದರು. ಕೌಂಟರ್‌ನಲ್ಲಿ ನಿಂತ ನನಗೆ ಬೇರೆಯೇ ಕಾಣುತ್ತಿತ್ತು. ಹಚ್ಚಿದ ತಕ್ಷಣ ಶೇಡ್ ಸರಿಯಾಗಿಯೇ ಇರುತ್ತಿತ್ತು. ಗಿರಾಕಿ ಅಂಗಡಿ ಸುತ್ತಿ ಮತ್ತೆ ನಮ್ಮ ಮುಂದೆ ಹಾದುಹೋಗುವ ಹೊತ್ತಿಗೆ ಬಣ್ಣ ಗಾಢವಾಗಿ, ಸ್ವಲ್ಪ ಕೇಸರಿ ಕಡೆಗೆ ತಿರುಗಿರುತ್ತಿತ್ತು. ನಮ್ಮ ಮಾತಿನಲ್ಲಿ ಇದಕ್ಕೆ ಆಕ್ಸಿಡೈಸ್ ಆಗುವುದು ಅನ್ನುತ್ತೇವೆ. ಫಾರ್ಮುಲಾದಲ್ಲಿರುವ ಆವಿಯಾಗುವ ಅಂಶ ಹಾರಿಹೋಗುತ್ತದೆ, ಚರ್ಮದ ಎಣ್ಣೆ ಬಣ್ಣದ ಪುಡಿಯ ಜೊತೆ ಬೆರೆಯುತ್ತದೆ, ಬಣ್ಣ ಗಾಢವಾಗುತ್ತದೆ. ಎಣ್ಣೆ ಚರ್ಮದವರಲ್ಲಿ ಇದು ಹೆಚ್ಚು.

ನಾನು ಬರೆಯಲು ಶುರು ಮಾಡಿದೆ. ಯಾವ ಶೇಡ್, ಚರ್ಮ ಒಣಗಿದ್ದೋ ಎಣ್ಣೆಯದೋ, ಕೆಳಗೆ ಪ್ರೈಮರ್ (ಮೇಕಪ್‌ಗೆ ಮುಂಚೆ ಹಚ್ಚುವ ಕ್ರೀಮ್) ಇತ್ತೋ ಸನ್‌ಸ್ಕ್ರೀನ್ ಇತ್ತೋ, ಎಷ್ಟು ಹೊತ್ತಿಗೆ ಬಣ್ಣ ಬದಲಾಯಿತು. ದವಡೆಯ ಅಂಚಿಗೆ ಹಚ್ಚಿ, "ಒಂದು ಸುತ್ತು ಹೋಗಿ ಬನ್ನಿ, ಹೊರಗಿನ ಬೆಳಕಲ್ಲಿ ನೋಡಿಕೊಳ್ಳಿ, ಆಮೇಲೆ ತೀರ್ಮಾನ ಮಾಡೋಣ" ಅಂತ ಕಳಿಸತೊಡಗಿದೆ. ಹೋದವರು ಹೋಗಿಯೇಬಿಡುತ್ತಾರೆ ಅಂತ ಜೊತೆಯವರಿಗೆ ಭಯ. ಹೆಚ್ಚಿನವರು ವಾಪಸ್ ಬಂದರು. ಬಂದವರು ಕೊಂಡದ್ದನ್ನು ಹಿಂತಿರುಗಿಸುವುದು ಕಡಿಮೆಯಾಯಿತು. ಏರಿಯಾ ಮ್ಯಾನೇಜರ್ ಬಂದಾಗ ಆ ಎರಡು ಪುಟ ತೋರಿಸಿದೆ. ಅವರು ಫೋಟೋ ತೆಗೆದುಕೊಂಡು ಹೋದರು. ಆಮೇಲೆ ಆ ಫೌಂಡೇಶನ್ ಬಗ್ಗೆ ಬೇರೆ ಕೌಂಟರ್‌ನವರಿಗೂ ಹೇಳಿಕೊಡಲು ನನ್ನನ್ನೇ ಕಳಿಸಿದರು. ಟ್ರೇನಿಂಗ್ ಕಡೆಗೆ ನನ್ನ ದಾರಿ ತೆರೆದದ್ದು ಹಾಗೆ.

ಈ ಉದ್ಯಮವನ್ನು ಕಟ್ಟಿದವರ ಕಥೆ ನೋಡಿದರೂ ಇದೇ ಸಿಗುತ್ತದೆ. ಎಸ್ಟೀ ಲಾಡರ್ ನ್ಯೂಯಾರ್ಕ್‌ನ ಸಲೂನ್‌ಗಳಲ್ಲಿ ಹೆಂಗಸರ ಕೈಗೆ, ಮುಖಕ್ಕೆ ತಾವೇ ಕ್ರೀಮ್ ಹಚ್ಚಿ ತೋರಿಸುತ್ತಾ ಬೆಳೆದವರು. 1946ರಲ್ಲಿ ಗಂಡನ ಜೊತೆ ಸೇರಿ ಕಂಪನಿ ಶುರು ಮಾಡಿದರು. ಆ ಕಾಲದಲ್ಲಿ ಅಲ್ಲಿನ ಹೆಂಗಸರು ಸೆಂಟನ್ನು ತಮಗೆ ತಾವೇ ಕೊಳ್ಳುತ್ತಿದ್ದದ್ದು ಕಡಿಮೆ. ಯಾರಾದರೂ ಉಡುಗೊರೆ ಕೊಟ್ಟರೆ ಉಂಟು, ಹಬ್ಬಕ್ಕೋ ಹುಟ್ಟಿದ ದಿನಕ್ಕೋ. 1953ರಲ್ಲಿ ಲಾಡರ್ ಯೂತ್ ಡ್ಯೂ ತಂದರು. ಅದು ಸೆಂಟೂ ಹೌದು, ಸ್ನಾನದ ಎಣ್ಣೆಯೂ ಹೌದು. ಸ್ನಾನದ ಎಣ್ಣೆ ಅಂದ ಮೇಲೆ ಯಾರ ಉಡುಗೊರೆಗೂ ಕಾಯಬೇಕಿಲ್ಲ, ಸುಮ್ನೆ ಹೋಗಿ ಕೊಳ್ಳಬಹುದು. ಗಿರಾಕಿ ಎಲ್ಲಿ ಹಿಂಜರಿಯುತ್ತಾಳೆ ಅಂತ ಹತ್ತಿರ ನಿಂತು ನೋಡಿದವರಿಗೆ ಮಾತ್ರ ಹೊಳೆಯುವ ವಿಚಾರ ಇದು.

ಬಾಬಿ ಬ್ರೌನ್ ಮೇಕಪ್ ಆರ್ಟಿಸ್ಟ್ ಆಗಿದ್ದವರು. ಆಗಿನ ಲಿಪ್‌ಸ್ಟಿಕ್‌ಗಳು ತುಟಿಯ ಬಣ್ಣಕ್ಕೆ ಹತ್ತಿರವೇ ಇರಲಿಲ್ಲ ಅನ್ನುವುದು ಅವರಿಗೆ ಕೆಲಸ ಮಾಡುತ್ತಲೇ ಗೊತ್ತಾದದ್ದು. 1991ರಲ್ಲಿ ಬರೀ 10 ಲಿಪ್‌ಸ್ಟಿಕ್ ಇಟ್ಟುಕೊಂಡು ನ್ಯೂಯಾರ್ಕ್‌ನ ಬರ್ಗ್‌ಡಾರ್ಫ್ ಗುಡ್‌ಮನ್ ಅಂಗಡಿಯಲ್ಲಿ ತಮ್ಮದೇ ಬ್ರ್ಯಾಂಡ್ ಶುರು ಮಾಡಿದರು. ತಿಂಗಳಿಗೆ 100 ಹೋಗಬಹುದು ಅಂದುಕೊಂಡಿದ್ದರು, ಮೊದಲ ದಿನವೇ 100 ಹೋದವು.

ಇನ್ನೂ ಹತ್ತಿರದ ಉದಾಹರಣೆ 2017ರದ್ದು. ಗಾಯಕಿ ರಿಹಾನಾ ಅವರ ಬ್ರ್ಯಾಂಡ್ ಫೆಂಟಿ ಬ್ಯೂಟಿ ಒಂದೇ ಸಲಕ್ಕೆ 40 ಶೇಡ್ ಫೌಂಡೇಶನ್ ತಂದಾಗ, ಗಾಢ ಶೇಡ್‌ಗಳು ಹಲವು ಕಡೆ ಬೇಗ ಖಾಲಿಯಾದವು. ಉದ್ಯಮದ ದೊಡ್ಡವರು ಬೆರಗಾದರು. ನಾವು ಆಗಲಿಲ್ಲ. ಕಪ್ಪು ಮೈಬಣ್ಣದವರು ಬಂದು, ಕೊನೆಯ ಶೇಡ್ ಕೂಡ ತಮಗಿಂತ ಬೆಳ್ಳಗಿರುವುದನ್ನು ನೋಡಿ, "ಪರವಾಗಿಲ್ಲ ಬಿಡಿ" ಅಂತ ನಮ್ಮನ್ನೇ ಸಮಾಧಾನ ಮಾಡಿ ಹೋಗುವುದನ್ನು ಎಷ್ಟೋ ಕೌಂಟರ್‌ನವರು ವರ್ಷಗಟ್ಟಲೆ ನೋಡಿದ್ದರು. ಆ ಮಾತು ಯಾವ ರಿಪೋರ್ಟ್‌ನಲ್ಲೂ ಇರಲಿಲ್ಲ. ಶೇಡ್ ಇಲ್ಲದ ಮೇಲೆ ಮಾರಾಟ ಇಲ್ಲ, ಮಾರಾಟ ಇಲ್ಲದ ಮೇಲೆ ಬೇಡಿಕೆ ಇಲ್ಲ ಅಂತ ಲೆಕ್ಕ. ನನಗೆ ಇವತ್ತಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತದೆ.

ಹಾಗಾದರೆ ಬರೆಯುವುದು ಏನನ್ನು? ಎಲ್ಲವನ್ನೂ ಅಲ್ಲ. ಯಾವ ಟೆಸ್ಟರ್ ಬೇಗ ಸವೆಯುತ್ತದೆ, ಆದರೆ ಅದರ ಬಾಟಲಿ ಹೋಗುವುದಿಲ್ಲ ಅನ್ನುವುದನ್ನು ಬರೆಯಿರಿ. ಅಲ್ಲಿ ಆಸೆ ಇದೆ, ಏನೋ ಅಡ್ಡ ಬರುತ್ತಿದೆ. ಬೆಲೆಯಾ, ಸೈಜಾ, ವಾಸನೆಯಾ? ಗಿರಾಕಿ ತಮ್ಮ ಬಾಯಿಂದ ಹೇಳಿದ ಮಾತನ್ನು ಹಾಗೆಯೇ ಬರೆಯಿರಿ. "ಹೈಡ್ರೇಶನ್ ಬೇಕಂತೆ" ಅಂತ ನಮ್ಮ ಮಾತಿಗೆ ತಿರುಗಿಸಬೇಡಿ. ಅವರು ಹೇಳಿದ್ದು "ಮಧ್ಯಾಹ್ನದ ಹೊತ್ತಿಗೆ ಮುಖ ಎಳೆದ ಹಾಗೆ ಆಗುತ್ತೆ" ಅಂತ. ಆ ಮಾತೇ ಬೆಲೆಬಾಳುವುದು. ಅದೇ ಮಾತನ್ನು ಮುಂದಿನ ಗಿರಾಕಿಗೆ ಹೇಳಿದರೆ ಅವರ ತಲೆ ತಾನಾಗಿ ಅಲ್ಲಾಡುತ್ತದೆ.

ಜೊತೆಗೆ ಆಫೀಸಿನ ಲೆಕ್ಕವೂ ಬರಬೇಕು. ಇಲ್ಲದಿದ್ದರೆ ನಿಮ್ಮ ನೋಟ್‌ಬುಕ್ ದೂರಿನ ಪಟ್ಟಿ ಥರ ಕಾಣುತ್ತದೆ. ನೂರು ಜನ ಕೌಂಟರ್‌ಗೆ ಬಂದು ಇಪ್ಪತ್ತು ಜನ ಕೊಂಡರೆ ಕನ್ವರ್ಷನ್ 20%. ಆ ಇಪ್ಪತ್ತು ಜನ ಒಟ್ಟು ಮೂವತ್ತು ಐಟಂ ಕೊಂಡರೆ ಯುಪಿಟಿ, ಅಂದರೆ ಒಂದು ಬಿಲ್‌ಗೆ ಐಟಂ, 1.5. ಇದರಲ್ಲಿ ಕಷ್ಟ ಏನೂ ಇಲ್ಲ. ಆದರೆ ಇದನ್ನು ತಿಳಿದುಕೊಂಡರೆ, "ಜನ ಬರ್ತಿಲ್ಲ" ಅನ್ನುವುದಕ್ಕೂ "ಬಂದವರು ಕೊಳ್ಳುತ್ತಿಲ್ಲ" ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಮೀಟಿಂಗ್‌ನಲ್ಲಿ ಧೈರ್ಯವಾಗಿ ಹೇಳಬಹುದು. ಸೆಲ್-ಇನ್ ಅಂದರೆ ಬ್ರ್ಯಾಂಡ್ ಅಂಗಡಿಗೆ ಮಾರಿದ್ದು, ಸೆಲ್-ಔಟ್ ಅಂದರೆ ಅಂಗಡಿ ಗಿರಾಕಿಗೆ ಮಾರಿದ್ದು. ಗೋಡೌನ್‌ನಲ್ಲಿ ಪೆಟ್ಟಿಗೆ ತುಂಬಿ, ಶೆಲ್ಫ್‌ನಲ್ಲಿ ಧೂಳು ಕೂತಿದ್ದರೂ ಸೆಲ್-ಇನ್ ಚೆನ್ನಾಗಿಯೇ ಕಾಣಬಹುದು. ಆ ಧೂಳನ್ನು ಒರೆಸುವವರು ನೀವೇ ಅಲ್ವಾ? ಹಾಗಿದ್ದ ಮೇಲೆ ಹೇಳಬೇಕಾದವರೂ ನೀವೇ.

ಕೆಲಸದ ಕೌಶಲದಲ್ಲಿ ನನಗೆ ಬಹಳ ಪ್ರೀತಿ ಸೆಂಟಿನ ಕೌಂಟರ್ ಮೇಲೆ. ಅಲ್ಲಿ ಅವಸರ ಮಾಡಿದರೆ ಎಲ್ಲ ಕೆಟ್ಟಿತು. ನಿಂಬೆ, ಬೆರ್ಗಮಾಟ್‌ನಂಥ ಮೇಲಿನ ಪರಿಮಳ ಸ್ವಲ್ಪ ಹೊತ್ತಿನಲ್ಲೇ ಹಾರಿಹೋಗುತ್ತದೆ. ನಡುವಿನ ಹೂವಿನ ಪರಿಮಳ ಆಮೇಲೆ ಬರುತ್ತದೆ. ಗಂಧ, ವೆನಿಲ್ಲಾ, ಕಸ್ತೂರಿ ಥರದ ತಳದ ಪರಿಮಳ ಗಂಟೆಗಟ್ಟಲೆ ನಿಲ್ಲುತ್ತದೆ. ಗಿರಾಕಿ ಮನೆಗೆ ಕೊಂಡೊಯ್ಯುವುದು ಆ ಕೊನೆಯದನ್ನು, ಆದರೆ ಕೌಂಟರ್‌ನಲ್ಲಿ ನಿರ್ಧಾರ ಮಾಡುವುದು ಮೊದಲನೆಯದರ ಮೇಲೆ. ಅದಕ್ಕೇ ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ತೋರಿಸಬೇಡಿ ಅನ್ನುತ್ತೇನೆ. ಮೊದಲು ಪೇಪರ್ ಪಟ್ಟಿಯ ಮೇಲೆ, ಇಷ್ಟವಾದ ಒಂದನ್ನು ಮಾತ್ರ ಮಣಿಕಟ್ಟಿನ ಮೇಲೆ. ಉಜ್ಜಲು ಬಿಡಬೇಡಿ. ಮೂಗು ಸೋತಿತು ಅನ್ನಿಸಿದಾಗ ಕಾಫಿ ಬೀಜದ ಬಟ್ಟಲು ಮುಂದಿಡುವ ರೂಢಿ ಇದೆ. ಅದು ಸಾದಾ ಗಾಳಿಗಿಂತ ಜಾಸ್ತಿ ಏನೂ ಮಾಡುವುದಿಲ್ಲ. ಸ್ವಲ್ಪ ಹೊತ್ತು ಬಿಡುವು ಕೊಡಿ, ಅಥವಾ ಸೆಂಟ್ ಬೀಳದ ತಮ್ಮ ತೋಳಿನ ಬಟ್ಟೆಯನ್ನೇ ಮೂಸಲು ಹೇಳಿ. ಆ ಬಿಡುವಿನಲ್ಲಿ ಜನ ಮಾತಾಡುತ್ತಾರೆ. ಯಾರಿಗಾಗಿ ಕೊಳ್ಳುತ್ತಿದ್ದಾರೆ, ಹಿಂದೆ ಯಾವುದು ಹಚ್ಚುತ್ತಿದ್ದರು, ಅದನ್ನು ಯಾಕೆ ಬಿಟ್ಟರು. ನೋಟ್‌ಬುಕ್‌ನ ಒಳ್ಳೊಳ್ಳೆ ಸಾಲುಗಳು ನನಗೆ ಸಿಕ್ಕಿದ್ದು ಅಲ್ಲಿಯೇ.

ಮೇಲಕ್ಕೆ ಹೋಗುವ ದಾರಿಗಳು ಹಲವು, ಬೇಗ ಹೇಳಿಬಿಡುತ್ತೇನೆ. ಜನರನ್ನು ನಡೆಸುವುದು ಇಷ್ಟವಾದರೆ ಕೌಂಟರ್ ಮ್ಯಾನೇಜರ್, ಆಮೇಲೆ ಏರಿಯಾ ಮ್ಯಾನೇಜರ್. ಹೇಳಿಕೊಡುವುದು ಇಷ್ಟವಾದರೆ ಟ್ರೇನಿಂಗ್. ಲೆಕ್ಕ ಇಷ್ಟವಾದರೆ ಯಾವ ಮಾಲು ಎಷ್ಟು ತರಿಸಬೇಕು ಅಂತ ನೋಡುವ ಬೈಯಿಂಗ್, ಪ್ಲಾನಿಂಗ್. ಅಂಗಡಿಯಲ್ಲಿ ಮಾಲನ್ನು ಚೆಂದವಾಗಿ ಜೋಡಿಸುವ ಕಣ್ಣಿದ್ದರೆ ವಿಷುಯಲ್ ಮರ್ಚಂಡೈಸಿಂಗ್. ವಿಮಾನ ನಿಲ್ದಾಣದ ಅಂಗಡಿಗಳನ್ನು ನೋಡಿಕೊಳ್ಳುವ ಟ್ರಾವೆಲ್ ರೀಟೇಲ್ ಬೇರೆಯೇ ಒಂದು ಲೋಕ, ಅಲ್ಲಿ ಭಾಷೆ ಗೊತ್ತಿದ್ದವರಿಗೆ ಬೆಲೆ ಜಾಸ್ತಿ. ಪ್ರಾಡಕ್ಟ್ ತಯಾರಿಸುವ ಕಡೆಗೆ ಹೋಗಬೇಕಾದರೆ ಮಾತ್ರ ಓದು ಬೇಕೇ ಬೇಕು. ಕೆಮಿಸ್ಟ್ರಿ ಹಿನ್ನೆಲೆ ಇದ್ದರೆ ಫ್ರಾನ್ಸ್‌ನ ವರ್ಸೇಲ್ಸ್‌ನಲ್ಲಿರುವ ಇಸಿಪ್ಕಾ ಥರದ ಕಾಲೇಜಿನಲ್ಲಿ ಸೆಂಟು, ಕಾಸ್ಮೆಟಿಕ್ಸ್ ಎರಡನ್ನೂ ಕಲಿಸುತ್ತಾರೆ. ಅದು 1970ರಿಂದ ನಡೆಯುತ್ತಿದೆ, ಶುರು ಮಾಡಿದವರು ಸೆಂಟಿಗೆ ಹೆಸರಾದ ಗೆರ್ಲಾನ್ ಮನೆತನದ ಜಾನ್ ಜಾಕ್ ಗೆರ್ಲಾನ್.

ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆಗಳನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಸಂಬಳ ಕೊಡುವುದು ಬ್ರ್ಯಾಂಡಾ, ಅಂಗಡಿಯಾ, ಅಥವಾ ಮಧ್ಯದ ಏಜೆನ್ಸಿಯಾ? ಯೂನಿಫಾರ್ಮ್ ಮೇಲೆ ಬ್ರ್ಯಾಂಡ್ ಹೆಸರಿದ್ದ ಮಾತ್ರಕ್ಕೆ ನೀವು ಬ್ರ್ಯಾಂಡ್‌ನ ಉದ್ಯೋಗಿ ಆಗಿರಬೇಕಿಲ್ಲ. ಒಳಗಿನ ಹುದ್ದೆಗಳಿಗೆ ಅರ್ಜಿ ಹಾಕುವಾಗ ಈ ವ್ಯತ್ಯಾಸ ದೊಡ್ಡದಾಗುತ್ತದೆ. ಕಮಿಷನ್ ನಿಮ್ಮೊಬ್ಬರ ಮಾರಾಟದ ಮೇಲಾ, ಇಡೀ ತಂಡದ ಮೇಲಾ? ಕೂರಲು ಜಾಗ ಇದೆಯಾ? ಇದು ಸಣ್ಣ ಪ್ರಶ್ನೆ ಅಲ್ಲ. ನಾನು ಮೊದಲು ಕೆಲಸ ಮಾಡಿದ ಒಂದು ಕಡೆ ಇಡೀ ಶಿಫ್ಟ್ ನಿಂತೇ ಇರಬೇಕಿತ್ತು, ಗಿರಾಕಿ ಇರಲಿ ಬಿಡಲಿ. ಕಾಲಿನ ನರ ಉಬ್ಬಿದ ಹುಡುಗಿಯರು ಕೆಲಸ ಬಿಟ್ಟುಹೋದರು. ಅವರಲ್ಲಿ ಇಬ್ಬರು ಚರ್ಮ ನೋಡುವುದರಲ್ಲಿ ನನಗಿಂತ ಜಾಣರು. ಒಳ್ಳೆಯ ಶೂಗೆ, ಬಿಗಿ ಸಾಕ್ಸ್‌ಗೆ ಮೊದಲ ಸಂಬಳದಲ್ಲೇ ಖರ್ಚು ಮಾಡಿ ಅಂತ ನಾನು ಹೇಳುವುದು ಅವರನ್ನು ನೆನೆದು.

ಈಗ ಇಂಟರ್ವ್ಯೂ ಮಾಡುವ ಜಾಗದಲ್ಲಿ ನಾನಿದ್ದೇನೆ. ಕೌಂಟರ್‌ನಿಂದ ಬಡ್ತಿ ಕೇಳಿ ಬಂದವರಿಗೆ ಬ್ರ್ಯಾಂಡ್ ಯಾವ ವರ್ಷ ಶುರುವಾಯಿತು ಅಂತ ಕೇಳುವುದಿಲ್ಲ. "ಇತ್ತೀಚೆಗೆ ಏನೂ ಕೊಳ್ಳದೆ ಹೋದ ಒಬ್ಬರ ಬಗ್ಗೆ ಹೇಳಿ" ಅನ್ನುತ್ತೇನೆ. ಕೆಲವರು ಗಿರಾಕಿಯ ಮೇಲೆಯೇ ತಪ್ಪು ಹಾಕುತ್ತಾರೆ, ಟೈಂಪಾಸ್‌ಗೆ ಬಂದಿದ್ದರು ಅಂತ. ಇನ್ನು ಕೆಲವರು ಒಂದು ಕ್ಷಣ ತಡೆದು, ಆ ಮನುಷ್ಯ ಏನು ಮುಟ್ಟಿದರು, ಏನು ಕೇಳಿದರು, ಎಲ್ಲಿ ಮುಖ ಬದಲಾಯಿತು ಅಂತ ಹೇಳುತ್ತಾ ಹೋಗುತ್ತಾರೆ. ಅವರ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತೇನೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಲೇ ಇದೆ. ಎಲ್ಲರಿಗೂ ಆಫೀಸು ಬೇಕಿಲ್ಲ. ಕೌಂಟರ್‌ನಲ್ಲೇ ಹತ್ತಾರು ವರ್ಷ ಇದ್ದು, ತಾಯಿಗೆ ಲಿಪ್‌ಸ್ಟಿಕ್ ಆರಿಸಿಕೊಟ್ಟು, ಆಮೇಲೆ ಮಗಳ ಮದುವೆಗೂ ಆರಿಸಿಕೊಟ್ಟ ಅಡ್ವೈಸರ್‌ಗಳು ಇದ್ದಾರೆ. ಅವರನ್ನು ಹುಡುಕಿಕೊಂಡೇ ಜನ ಬರುತ್ತಾರೆ. ಅವರು ರಜೆ ಹಾಕಿದ ದಿನ ಕೌಂಟರ್‌ನ ವ್ಯಾಪಾರ ಇಳಿಯುವುದು ರಿಪೋರ್ಟ್‌ನಲ್ಲೇ ಕಾಣುತ್ತದೆ. ಆದರೂ ಸಂಬಳ ಏರಬೇಕಾದರೆ ಗಿರಾಕಿಯಿಂದ ದೂರ ಹೋಗಬೇಕು ಅನ್ನುವ ಹಾಗೆ ಹುದ್ದೆಗಳನ್ನು ಮಾಡಿಟ್ಟಿದ್ದಾರೆ. ಕೌಂಟರ್‌ನಲ್ಲೇ ಇದ್ದು ಹಿರಿಯರಾಗುವ, ಮ್ಯಾನೇಜರ್‌ಗೆ ಸಮನಾದ ಸಂಬಳ ಪಡೆಯುವ ಒಂದು ಹುದ್ದೆ ಬೇಕು ಅಂತ ನಾನು ಪ್ರತಿ ವರ್ಷ ಬಜೆಟ್ ಮೀಟಿಂಗ್‌ನಲ್ಲಿ ಕೇಳುತ್ತಿದ್ದೇನೆ. ಈ ಸಲ ಅಂಥ ಅಡ್ವೈಸರ್‌ಗಳ ಗಿರಾಕಿಗಳು ಎಷ್ಟು ಸಲ ವಾಪಸ್ ಬರುತ್ತಾರೆ ಅನ್ನುವ ಲೆಕ್ಕವನ್ನೂ ಜೊತೆಗೆ ಇಟ್ಟಿದ್ದೇನೆ. ಫೈನಾನ್ಸ್‌ನವರು ಅದನ್ನು ಓದಲು ತೆಗೆದುಕೊಂಡು ಹೋಗಿದ್ದಾರೆ.