ಗ್ಯಾಪಿನೊಳಗಿನ ತುಕ್ಕು: ಎಡಗಡೆ ವೂಫರ್ ಕೊನೆಗೂ ಸುಮ್ಮನಾಯಿತು

ಎಡಗಡೆ ಸ್ಪೀಕರಿನ ವೂಫರಿನ (ಬಾಸ್ ನುಡಿಸುವ ದೊಡ್ಡ ಘಟಕ) ಗರಗರ ನಿಂತಿದೆ. 30 ಹರ್ಟ್ಸಿನಿಂದ 200ರವರೆಗೆ ಸ್ವೀಪ್ (ಒಂದೇ ಸಮನೆ ಏರುವ ಸ್ವರ) ಹಾಕಿ ನೋಡಿದೆ, ಎಲ್ಲೂ ಕೆರೆತ ಇಲ್ಲ. ಈ ಮಳೆಗಾಲದ ಅರ್ಧ ಇದಕ್ಕೇ ಹೋಯಿತು. ಹಾಗಾಗಿ ಫೋಮ್ ಅಂಟಿಸುವುದು, ಕೆಪಾಸಿಟರ್ ಬದಲಿಸುವುದು ಇತ್ಯಾದಿ ಎಲ್ಲರಿಗೂ ಗೊತ್ತಿರುವ ಕೆಲಸಗಳನ್ನು ಹಾರಿಸಿ, ಈ ಒಂದು ಕಾಟದ ಬಗ್ಗೆ ಮಾತ್ರ ಉದ್ದಕ್ಕೆ ಬರೆಯುತ್ತೇನೆ. ಕೊಡಗಲ್ಲಾಗಲಿ ಮಲೆನಾಡಲ್ಲಾಗಲಿ ಹಳೇ ಸ್ಪೀಕರ್ ಬಿಚ್ಚುವವರಿಗೆ ಇದು ಇಂದಲ್ಲ ನಾಳೆ ಎದುರಾಗುತ್ತದೆ.

ಸ್ಪೀಕರ್ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಎಆರ್-18. ಎಪ್ಪತ್ತರ ದಶಕದ ಕೊನೆಯ ಅಮೆರಿಕದ ಮಾಲು, ಎಂಟಿಂಚಿನ ವೂಫರ್, ತಾರ ಸ್ವರಕ್ಕೆ ಒಂದು ಟ್ವೀಟರ್, ಪೂರ್ತಿ ಮುಚ್ಚಿದ ಡಬ್ಬ. ಮಿಲಿಟರಿಯಿಂದ ನಿವೃತ್ತರಾದ ಸೋದರಮಾವ ತಂದಿಟ್ಟಿದ್ದು. ಅವರ ಮನೆ ನಾಪೋಕ್ಲು ಕಡೆ, ತೋಟದ ನಡುವೆ. ವರ್ಷಗಟ್ಟಲೆ ಹಾಲಿನ ಪಡುವಣ ಗೋಡೆಗೆ ಒರಗಿಕೊಂಡಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಂದು ಹೊಡೆಯುವುದು ಅದೇ ಗೋಡೆಗೆ. ಎಡಗಡೆಯದು ಮೂಲೆಯಲ್ಲಿತ್ತು, ಬಲಗಡೆಯದು ಬಾಗಿಲ ಹತ್ತಿರ. ಇದನ್ನು ನೆನಪಿಡಿ.

ಕೋನನ್ನು (ಅದುರಿ ಸದ್ದು ಮಾಡುವ ಕಾಗದದ ಆಲಿಕೆ) ಚೌಕಟ್ಟಿಗೆ ಹಿಡಿಯುವ ಅಂಚಿನ ಫೋಮ್ ಉಂಗುರದ ಕಥೆ ಹೇಳಲೇಬೇಕಿಲ್ಲ. ಬೆರಳು ಮುಟ್ಟಿಸಿದರೆ ಕಪ್ಪು ಜಿಗುಟು. ಹಳೇ ಫೋಮ್ ಹೆಚ್ಚಾಗಿ ಪಾಲಿಯೆಸ್ಟರ್ ಜಾತಿಯ ಪಾಲಿಯುರೆಥೇನ್. ಗಾಳಿಯ ತೇವ ಅದರ ಕೊಂಡಿಗಳನ್ನೇ ಕತ್ತರಿಸುತ್ತದೆ, ಸ್ಪೀಕರ್ ಬಾರಿಸಲಿ ಬಿಡಲಿ. ಪಾಲಿಈಥರ್ ಫೋಮ್ ತೇವಕ್ಕೆ ಜಾಸ್ತಿ ತಾಳುತ್ತದೆ, ಬಿಸಿಲಿಗೆ ಅಷ್ಟಿಲ್ಲ. ನಮ್ಮಲ್ಲಿ ಬಿಸಿಲಿನ ಚಿಂತೆ ಯಾರಿಗಿದೆ?

ರಬ್ಬರ್ ಹಾಕಿಬಿಡು, ಜನ್ಮಪೂರ್ತಿ ಬರುತ್ತದೆ ಎಂದು ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. 1954ರಲ್ಲಿ ಎಡ್ಗರ್ ವಿಲ್ಚರ್ ಎಆರ್-1 ಮಾಡಿದಾಗಿನಿಂದ ಈ ಕಂಪನಿಯ ಗುಟ್ಟೇ ಅದು: ಡಬ್ಬದೊಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗು. ಕೋನಿನ ಅಂಚು ಆದಷ್ಟು ಸಡಿಲ ಇರಬೇಕು. ಅಲ್ಲಿಗೆ ದಪ್ಪ ರಬ್ಬರ್ ಅಂಟಿಸಿದರೆ ಕೋನಿನ ಸ್ವಂತ ಕಂಪನದ ಹರ್ಟ್ಸ್ (ಅನುರಣನ) ಮೇಲಕ್ಕೆ ಹೋಗುತ್ತದೆ, ಬಾಸ್ ಸೊರಗುತ್ತದೆ. ಹತ್ತು ವರ್ಷಕ್ಕೊಮ್ಮೆ ಫೋಮ್ ಬದಲಿಸುವುದೇ ವಾಸಿ.

ಫೋಮ್ ಮಾರುವವರ ಬಗ್ಗೆ ಎರಡು ಮಾತು. ಆರ್ಡರ್ ಕೊಡುವಾಗ ಕೋನಿನ ಹೊರವ್ಯಾಸ, ಬಾಸ್ಕೆಟ್ಟಿನ (ಲೋಹದ ಚೌಕಟ್ಟು) ಒಳವ್ಯಾಸ, ಫೋಮಿನ ಉಬ್ಬಿದ ರೋಲಿನ ಅಗಲ, ಮೂರನ್ನೂ ಮಿಲಿಮೀಟರಿನಲ್ಲಿ ಬರೆದು ಕಳಿಸಿದ್ದೆ. ಚಿತ್ರ ಬಿಡಿಸಿ, ಬಾಣ ಹಾಕಿ. ಬಂದದ್ದು ಕೋನಿಗಿಂತ ಒಂದು ಬೆರಳು ದೊಡ್ಡದು. ಫೋನ್ ಮಾಡಿದೆ.

"ಎಂಟಿಂಚು ತಾನೇ ಸಾರ್ ನೀವು ಕೇಳಿದ್ದು? ಎಂಟಿಂಚೇ ಕಳಿಸಿದೀವಿ. ಯೂನಿವರ್ಸಲ್ ಸಾರ್ ಅದು."

"ಅಳತೆ ಬರೆದು ಕಳಿಸಿದ್ದೆನಲ್ಲ?"

"ಸ್ವಲ್ಪ ಎಳೆದು ಅಂಟಿಸಿ ಸಾರ್, ಕೂತ್ಕೊಳ್ಳುತ್ತೆ."

ದೊಡ್ಡದನ್ನು ಎಳೆದು ಚಿಕ್ಕದು ಮಾಡುವ ವಿದ್ಯೆ ನನಗೆ ಬರುವುದಿಲ್ಲ. ವಾಪಸ್ ತಗೊಳ್ಳಲ್ಲ, ಬದಲಿ ಕಳಿಸುತ್ತೇವೆ ಎಂದರು. ಬದಲಿಯಾಗಿ ಬಂದದ್ದೂ ಅದೇ. ಆಮೇಲೆ ಬೇರೆ ಕಡೆಯಿಂದ ತರಿಸಿದೆ. ಕೊರಿಯರಿನವರು ತೋಟದ ದಾರಿಯ ಕೆಸರು ನೋಡಿ ಮೇಲೆ ಬರಲಿಲ್ಲ, ಮಡಿಕೇರಿಗೆ ಬಂದು ಒಯ್ಯಿರಿ ಎಂದರು. ಹೋಗಿ ತಂದೆ. ಈ ಫೋಮ್ ಸರಿಯಾಗಿ ಕೂತಿತು.

ಅಂಟಿಸಿ, ಒಣಗಿಸಿ, ಬಾರಿಸಿದರೆ ಬಲಗಡೆಯದು ಬೆಣ್ಣೆ. ಎಡಗಡೆಯದು 40-60 ಹರ್ಟ್ಸಿನ ನಡುವೆ ಗರ್ರ್ ಎನ್ನುತ್ತದೆ. ವಾಲ್ಯೂಮ್ ಸ್ವಲ್ಪ ಏರಿಸಿದರೆ ಸಾಕು.

ಮೊದಲ ಅನುಮಾನ ಇನ್ವರ್ಟರ್ ಮೇಲೆ. ಇಲ್ಲಿ ಗಾಳಿಮಳೆ ಬಂದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ನಮ್ಮದು ಹಳೇ ಇನ್ವರ್ಟರ್, ಅದರ ಅಲೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಕೂಡ ಗುಂಯ್ ಎನ್ನುತ್ತದೆ. ಕರೆಂಟ್ ಬಂದ ಮೇಲೆ ನೋಡಿದೆ, ಗುಂಯ್ ಹೋಯಿತು, ಗರ್ರ್ ಉಳಿಯಿತು. ವೂಫರುಗಳನ್ನು ಅದಲು ಬದಲು ಮಾಡಿದೆ. ಸದ್ದು ವೂಫರಿನ ಜೊತೆಗೇ ಬಲಗಡೆಗೆ ಹೋಯಿತು. ಅಂದರೆ ಡಬ್ಬದ ಸೋರಿಕೆ ಅಲ್ಲ, ವೂಫರಿಗೂ ಟ್ವೀಟರಿಗೂ ಸದ್ದು ಹಂಚುವ ಕ್ರಾಸ್‌ಓವರ್ ಅಲ್ಲ.

ಕೋನ್ ಜೋತುಬಿದ್ದಿರಬಹುದು ಎಂದು ವೂಫರನ್ನು ತಲೆಕೆಳಗು ಮಾಡಿ ಕೂರಿಸಿದೆ. ಹಳೇ ಸ್ಪೈಡರಿಗೆ (ಕೋನನ್ನು ಹಿಂದಿನಿಂದ ನಡುವಿಗೆ ಹಿಡಿಯುವ ಬಟ್ಟೆಯ ಬಳೆ) ಇದು ಎಲ್ಲರೂ ಮಾಡುವ ಉಪಾಯ. ಅದೂ ಅಲ್ಲ. ಬಾರಿಸುತ್ತಿರುವಾಗ ಕೋನಿನ ಅಂಚನ್ನು ಬೆರಳಿಂದ ಮೆಲ್ಲಗೆ ಒತ್ತುತ್ತಾ ಹೋದೆ. ಮೊದಲು ಗಡಿಯಾರದ ಏಳು ಗಂಟೆಯ ಜಾಗದಲ್ಲಿ ಒತ್ತಿದರೆ ಸದ್ದು ಕಮ್ಮಿಯಾಗುತ್ತಿತ್ತು. ತಿರುಗಿಸಿದ ಮೇಲೆ ಒಂದು ಗಂಟೆಯ ಜಾಗದಲ್ಲಿ. ಅಂದರೆ ತೊಂದರೆ ವೂಫರಿನದೇ ಒಂದು ಮಗ್ಗುಲಿನಲ್ಲಿ ಗಟ್ಟಿಯಾಗಿ ಕೂತಿದೆ.

ಕೋನಿನ ನಡುವಿನ ಮುಚ್ಚಳ, ಡಸ್ಟ್ ಕ್ಯಾಪ್ ಬಿಡಿಸಿದೆ. ಮಾವನ ಮಂಡಿಯ ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿ ಶಿಮ್ (ಮ್ಯಾಗ್ನೆಟ್ಟಿನ ಗ್ಯಾಪಿಗೆ, ಅಂದರೆ ತಂತಿಯ ಕಾಯಿಲ್ ಓಡಾಡುವ ಸಂದಿಗೆ, ಇಳಿಸುವ ತೆಳು ಪಟ್ಟಿ) ಮಾಡಿಕೊಂಡೆ. ಸುತ್ತಲೂ ಸಲೀಸಾಗಿ ಇಳಿಯಿತು. ಅದೇ ಮಗ್ಗುಲಿನಲ್ಲಿ ಮಾತ್ರ ಅರ್ಧಕ್ಕೆ ಹೋಗಿ ನಿಂತಿತು. ಮೇಲೆತ್ತಿದರೆ ತುದಿಯಲ್ಲಿ ಕಂದು ಪುಡಿ. ನಶ್ಯದಷ್ಟು ನುಣುಪು.

ತುಕ್ಕು! ಶಿಮ್ಮಿನ ತುದಿಗೆ ಎರಡು ಬದಿಯ ಟೇಪ್ ಸುತ್ತಿ, ಸಿಕ್ಕಿದಷ್ಟನ್ನು ಎತ್ತಿದೆ. ಟೇಪ್ ಶುಚಿಯಾಗಿ ಬರುವವರೆಗೆ ಮಾಡಿದೆ. ಡಸ್ಟ್ ಕ್ಯಾಪ್ ಇಲ್ಲದೆಯೇ ಬಾರಿಸಿ ನೋಡಿದೆ, ಸದ್ದಿಲ್ಲ. ಖುಷಿಯಲ್ಲಿ ಮಲಗಿದೆ. ಬೆಳಿಗ್ಗೆ ಮತ್ತೆ ಗರ್ರ್.

ಇಲ್ಲಿಂದ ಮುಂದೆ ಕೆಲವು ದಿನ ತಲೆ ಕೆಟ್ಟುಹೋಯಿತು. ಬಿಸಿಲು ಇಣುಕಿದ ದಿನ ಸದ್ದು ಮಾಯ. ಜಡಿಮಳೆ ಹಿಡಿದ ದಿನ ಹಾಜರ್. ಕೋನಿನ ಕಾಗದವೂ ಸ್ಪೈಡರಿನ ಬಟ್ಟೆಯೂ ತೇವ ಹೀರಿ ಕೂದಲೆಳೆಯಷ್ಟು ಸರಿಯುತ್ತವೆ, ಆಗ ಕಾಯಿಲ್ ಎಲ್ಲೋ ತಾಗುತ್ತದೆ ಎಂಬುದು ನನ್ನ ಅಂದಾಜು. ಆದರೆ ಎಲ್ಲಿ? ಒಳಗಡೆ ಶುಚಿ ಇದೆಯಲ್ಲ?

ಒಳಗಡೆ ಶುಚಿ ಇತ್ತು. ಹೊರಗಡೆ ಇರಲಿಲ್ಲ. ಡಸ್ಟ್ ಕ್ಯಾಪ್ ತೆಗೆದು ನಾವು ಶಿಮ್ ಇಳಿಸುವುದು ಫಾರ್ಮರ್ ಎಂಬ ಕೊಳವೆಗೂ ನಡುವಿನ ಕಬ್ಬಿಣದ ಕಂಬಕ್ಕೂ ಮಧ್ಯೆ. ಕಾಯಿಲ್ ಸುತ್ತಿರುವುದು ಫಾರ್ಮರಿನ ಹೊರಮೈಗೆ. ಆ ಕಾಯಿಲಿಗೂ ಮೇಲಿನ ಕಬ್ಬಿಣದ ತಟ್ಟೆಗೂ ನಡುವೆ ಇನ್ನೊಂದು ಸಂದಿ ಇದೆ. ಅದನ್ನು ಸ್ಪೈಡರ್ ಮುಚ್ಚಿಕೊಂಡಿರುತ್ತದೆ. ಶಿಮ್ಮೂ ಹೋಗಲ್ಲ, ಟಾರ್ಚಿನ ಬೆಳಕೂ ಹೋಗಲ್ಲ. ಹೊರದೇಶದವರು ಬರೆದ ರಿಪೇರಿ ಪಾಠಗಳಲ್ಲೆಲ್ಲ "ಶಿಮ್ ಹಾಕಿ, ಕೋನ್ ನಡುವಿಗೆ ತನ್ನಿ, ಮುಗಿಯಿತು" ಎಂದಿರುತ್ತದೆ. ಅವರ ಮನೆಯಲ್ಲಿ ಚಪ್ಪಲಿಗೆ ಬೂಸು ಹಿಡಿಯಲ್ಲ, ಪಾಪ.

ಹಾಗಾಗಿ ಪೂರ್ತಿ ಬಿಚ್ಚದೆ ಬೇರೆ ದಾರಿ ಇರಲಿಲ್ಲ. ಹೊಸ ಫೋಮ್ ಕಿತ್ತೆ, ಹರಿಯಿತು. ಕಾಯಿಲಿಗೆ ಕರೆಂಟ್ ಒಯ್ಯುವ ಟಿನ್ಸೆಲ್ ತಂತಿಗಳ ಬೆಸುಗೆ ಬಿಡಿಸಿದೆ. ಸ್ಪೈಡರಿನ ಅಂಚಿಗೆ ಬ್ರಶ್ಶಿನಲ್ಲಿ ಅಸಿಟೋನ್ ತೊಟ್ಟು ತೊಟ್ಟಾಗಿ ಬಿಟ್ಟು ಕಾದೆ. ಅವಸರ ಮಾಡಿದರೆ ಸ್ಪೈಡರ್ ಹರಿಯುತ್ತದೆ, ಜಾಸ್ತಿ ಸುರಿದರೆ ಕಾಯಿಲಿನ ಅಂಟು ಕರಗುತ್ತದೆ. ಅಂಟು ಮೆತ್ತಗಾದ ಕಡೆಯೆಲ್ಲ ತೆಳು ಬಿದಿರು ಸೀಳು ತೂರಿಸುತ್ತಾ ಒಂದು ಸುತ್ತು ಬಂದೆ. ಅಡುಗೆಮನೆಯಿಂದ ಅಮ್ಮ ಕೂಗಿದರು: "ಏನೋ ಅದು, ಪೇಂಟಿನ ಅಂಗಡಿ ವಾಸನೆ? ಹೊರಗೆ ಹೋಗಿ ಮಾಡು!" ಹೊರಗೆ ಮಳೆ. ಜಗಲಿಗೆ ಹೋಗಿ ಮುಗಿಸಿದೆ.

ಕೋನ್, ಕಾಯಿಲ್, ಸ್ಪೈಡರ್ ಮೂರೂ ಒಟ್ಟಿಗೆ ಮೇಲೆ ಬಂದವು. ತಟ್ಟೆಯ ಒಳ ಅಂಚು ನೋಡಿ ಸುಮ್ನೆ ಕೂತುಬಿಟ್ಟೆ. ಏಳು ಗಂಟೆಯ ಜಾಗದಲ್ಲಿ ಲೇಪ ಎದ್ದುಹೋಗಿ, ತುಕ್ಕು ಗುಳ್ಳೆ ಕಟ್ಟಿತ್ತು. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಅಲ್ಲಿ ಇರುವ ಜಾಗವೇ ಮಿಲಿಮೀಟರಿನ ಸಣ್ಣ ಪಾಲು. ಮುಚ್ಚಿದ ಡಬ್ಬ, ಒದ್ದೆ ಗೋಡೆ, ತಣ್ಣನೆಯ ಕಬ್ಬಿಣ, ಬಾರಿಸದೆ ಬಿಟ್ಟ ಮಳೆಗಾಲಗಳು. ಮೂಲೆಯಲ್ಲಿದ್ದ ಡಬ್ಬಕ್ಕೇ ಇದು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಕಾಯಿಲಿನ ಮೇಲೆ ಅದೇ ಬದಿಗೆ ಉಗುರಿನಗಲದ ಹೊಳೆಯುವ ಗೀರು. ಎನಾಮಲ್ ತಾಮ್ರದವರೆಗೆ ಸವೆದಿರಲಿಲ್ಲ. ಮೀಟರ್ ಹಿಡಿದರೆ ಎರಡೂ ವೂಫರಿನ ಓಮ್ ಹೆಚ್ಚುಕಮ್ಮಿ ಒಂದೇ. ಬಚಾವ್.

ಇಲ್ಲಿ ಒಂದು ಎಚ್ಚರಿಕೆ. ಮರಳು ಕಾಗದ, ಸ್ಟೀಲ್ ಬ್ರಶ್, ಅರ ಯಾವುದನ್ನೂ ಹತ್ತಿರ ತರಬೇಡಿ. ಉದುರಿದ ಒಂದೊಂದು ಕಣವನ್ನೂ ಮ್ಯಾಗ್ನೆಟ್ ಗ್ಯಾಪಿಗೇ ಎಳೆದುಕೊಳ್ಳುತ್ತದೆ. ಹಿತ್ತಾಳೆ ಪಟ್ಟಿಯ ಅಂಚಿನಿಂದ ಕೆರೆದೆ, ಆಮೇಲೆ ಬಿದಿರು, ಆಮೇಲೆ ಟೇಪ್. ಮತ್ತೆ ಟೇಪ್. ತುಕ್ಕು ತಿನ್ನುವ ಆಸಿಡ್ ಸಿಗುತ್ತದೆ, ಆದರೆ ಆ ಸಂದಿಯಿಂದ ಅದನ್ನು ತೊಳೆದು ತೆಗೆಯುವುದು ಹೇಗೆ? ಬೇಡವೆಂದು ಬಿಟ್ಟೆ. ಥಿನ್ನರಿನಲ್ಲಿ ತೀರಾ ತೆಳು ಮಾಡಿದ ಲ್ಯಾಕರನ್ನು ಕಾಗದದ ಪಟ್ಟಿಗೆ ಹಚ್ಚಿ ಒಮ್ಮೆ ಸವರಿದೆ. ದಪ್ಪ ಪದರಕ್ಕೆ ಅಲ್ಲಿ ಜಾಗವಿಲ್ಲ.

ಮಧ್ಯೆ ಒಂದು ಬೇರೆ ವಿಷಯ. ಲ್ಯಾಕರ್ ಒಣಗುವಾಗ ಕೈ ಖಾಲಿ ಇತ್ತು, ಮಾವನ ಹಳೇ ಎಫ್‌ಎಂ ಟ್ಯೂನರ್ ಅಟ್ಟದಿಂದ ಇಳಿಸಿದೆ. ಮುಂದಿನ ಕೆಲಸ ಅದೇ. ಮಡಿಕೇರಿ ಆಕಾಶವಾಣಿ 103.1ರಲ್ಲಿ ಬರುತ್ತದೆ, ಆದರೆ ನಮ್ಮ ಮನೆ ತಗ್ಗಿನಲ್ಲಿದೆ, ಬರೀ ಸುಯ್ ಸುಯ್. ಆ ಫ್ರೀಕ್ವೆನ್ಸಿಗೆ ಅರ್ಧ ಅಲೆಯ ಡೈಪೋಲ್ ಆಂಟೆನಾ ಸುಮಾರು 1.4 ಮೀಟರ್ ಸಾಕು. ಕಂಬ ಹುಡುಕಬೇಕಿಲ್ಲ, ತೋಟದ ತುಂಬ ಸಿಲ್ವರ್ ಓಕ್ ನಿಂತಿದೆ. ಮೆಣಸು ಕೊಯ್ಯುವ ಏಣಿಯೂ ಇದೆ. ತೊಂದರೆ ಎರಡೇ: ಸಿಡಿಲು, ಮತ್ತೆ ಮೆಣಸಿನ ಬಳ್ಳಿಗೆ ಏನಾದರೂ ಆದರೆ ಮಾವ. ಎರಡರಲ್ಲಿ ಯಾವುದು ಹೆಚ್ಚು ಅಪಾಯ ಅಂತ ಇನ್ನೂ ತೀರ್ಮಾನವಾಗಿಲ್ಲ.

ವಾಪಸ್ ವೂಫರಿಗೆ. ಜೋಡಿಸುವಾಗ ಎದುರಾಳಿ ಅಂಟು. ಮೇಜಿನ ಮೇಲಿನ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯುವ ಮೀಟರ್) ಶೇಕಡಾ 90ರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬಿಳಿ ಅಂಟು ನೀರು ಆರಿ ಗಟ್ಟಿಯಾಗಬೇಕಾದ್ದು. ಈ ಗಾಳಿಯಲ್ಲಿ ಮರುದಿನವೂ ಹಾಲಿನ ಬಣ್ಣದಲ್ಲೇ ಇರುತ್ತದೆ. ಸ್ಪೈಡರಿಗೆ ಎರಡು ಭಾಗ ಕಲಸುವ, ನಿಧಾನದ ಎಪಾಕ್ಸಿ ಹಾಕಿದೆ. ಅದು ನೀರು ಆರಿ ಗಟ್ಟಿಯಾಗುವುದಲ್ಲ. ಮುಂದೆ ಇದನ್ನು ಬಿಚ್ಚುವವನು ನನಗೆ ಶಾಪ ಹಾಕುತ್ತಾನೆ, ಹಾಕಲಿ. ಶಿಮ್ ಇಟ್ಟು, ಎಪಾಕ್ಸಿ ಹಸಿ ಇರುವಾಗಲೇ ಕೋನನ್ನು ಎರಡು ಬದಿ ಒತ್ತಿ ನೋಡಿ, ರಾತ್ರಿಯಿಡೀ ಬಿಟ್ಟೆ. ಫೋಮಿಗೆ ಮಾತ್ರ ಬಿಳಿ ಅಂಟೇ. ರಟ್ಟಿನ ಪೆಟ್ಟಿಗೆಯಲ್ಲಿ ಹಳೇ ಫಿಲಮೆಂಟ್ ಬಲ್ಬು ಹಚ್ಚಿ ಅದರೊಳಗೆ ಒಣಗಿಸಿದೆ. ಎಲ್ಇಡಿ ಬಲ್ಬಿನಲ್ಲಿ ಈ ಉಪಕಾರ ಇಲ್ಲ.

ಕ್ರಾಸ್‌ಓವರ್ ಬಗ್ಗೆ ಸಂಕ್ಷೇಪವಾಗಿ: ನಾನ್ ಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಕೆಪಾಸಿಟರ್ ಕೇಳಿದರೆ ಅಂಗಡಿಯವನು "ಮಾಮೂಲಿದೇ ಎರಡು ಹಿಂದುಮುಂದು ಸೇರಿಸಿ ಸಾರ್" ಎಂದ. ಆಗುತ್ತದೆ, ಕೆಪಾಸಿಟೆನ್ಸ್ ಅರ್ಧಕ್ಕಿಳಿಯುವುದನ್ನು ಲೆಕ್ಕ ಹಿಡಿದರೆ. ನಾನು ಫಿಲ್ಮ್ ಕೆಪಾಸಿಟರ್ ಹಾಕಿದೆ. ಟ್ವೀಟರ್ ಸ್ವಲ್ಪ ಚೂಪಾಯಿತು. ಹಳೇ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳರೋಧ ಇಲ್ಲದ್ದಕ್ಕೆ ಹಾಗೆ. ಅರ್ಧ ಓಮ್ ರೆಸಿಸ್ಟರ್ ಸರಣಿಯಲ್ಲಿ ಸೇರಿಸಿದ ಮೇಲೆ ಕಿವಿಗೆ ಹಿತವಾಯಿತು.

ಮೈಕ್ ಇಟ್ಟು ಅಳೆಯುವುದು ಇನ್ನೂ ಬಾಕಿ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ಯಾವ ಸ್ವೀಪೂ ಲೆಕ್ಕಕ್ಕೆ ಬರುವುದಿಲ್ಲ. ಸದ್ಯಕ್ಕೆ ಎರಡೂ ಡಬ್ಬ ಪಡುವಣ ಗೋಡೆ ಬಿಟ್ಟು ಒಳಗೋಡೆಗೆ ಬಂದಿವೆ, ಕಾವಿ ನೆಲದ ಮೇಲೆ ಒಂದು ಜಮಖಾನೆ ಹಾಸಿದ್ದೇನೆ. ಕೆಂಪು ನೆಲ ನೋಡಲು ಚೆಂದ, ಸದ್ದನ್ನು ಮಾತ್ರ ಹಾಗೇ ತಿರುಗಿ ಎಸೆಯುತ್ತದೆ.

ಬಲಗಡೆ ವೂಫರನ್ನು ಬಿಚ್ಚುವುದಿಲ್ಲ. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ. ಅಂದಹಾಗೆ ಆ "ಯೂನಿವರ್ಸಲ್" ಫೋಮ್ ಎರಡು ಜೊತೆ ಹಾಗೇ ಬಿದ್ದಿವೆ. ಬೇಕಾದವರು ನಾಪೋಕ್ಲು ಕಡೆ ಬಂದಾಗ ಒಯ್ಯಬಹುದು, ದುಡ್ಡು ಬೇಡ. ಬರುವಾಗ ಕೋನಿನ ಅಳತೆ ಹಿಡಿದುಕೊಂಡು ಬನ್ನಿ.