ಅಂಕ ಬರೆಯುವ ಮೊದಲು

ಕಲಬುರಗಿಯ ಖಾಸಗಿ ಪದವಿ ಕಾಲೇಜೊಂದರವರು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕರ ಆಯ್ಕೆಗೆ ನನ್ನನ್ನು ವಿಷಯ ತಜ್ಞನಾಗಿ ಕರೆದಿದ್ದರು. ಇದ್ದದ್ದು ಒಂದೇ ಹುದ್ದೆ. ಆಳಂದ, ಸೇಡಂ, ಜೇವರ್ಗಿ ಕಡೆಯ ಅಭ್ಯರ್ಥಿಗಳು ಬೆಳಗಿನ ಬಸ್ಸಿಗೇ ಬಂದು ವರಾಂಡದಲ್ಲಿ ಕುಳಿತಿದ್ದರು.

ಮೊದಲ ಅಭ್ಯರ್ಥಿ ಒಳಗೆ ಬಂದೊಡನೆ ಸಮಿತಿಯ ಹಿರಿಯರೊಬ್ಬರು, "ಯಾವೂರು ತಮ್ಮಾ? ಯಾರ ಪೈಕಿ?" ಎಂದು ಕೇಳಿದರು. ಪರಿಚಿತ ಮನೆತನದ ಆ ಹುಡುಗ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆಂಬುದನ್ನು, ತಪ್ಪಾಗಿ ವಿವರಿಸಿದಾಗ, "ಗಾಬರಿ ಆಗ್ಯಾನ, ಇರಲಿ" ಎಂಬ ರಿಯಾಯಿತಿ ದೊರೆಯಿತು. ಚಿಂಚೋಳಿ ತಾಲ್ಲೂಕಿನ ತಾಂಡಾದಿಂದ ಬಂದಿದ್ದ ಹೆಣ್ಣುಮಗಳು ಅದೇ ಪ್ರಶ್ನೆಗೆ, ಬೆಲೆ ಏರಿದರೂ ನಮ್ಮ ಮನೆಗಳು ತೊಗರಿಬೇಳೆ ಕೊಳ್ಳುವುದನ್ನು ಅದೇ ಪ್ರಮಾಣದಲ್ಲಿ ತಗ್ಗಿಸುವುದಿಲ್ಲವೆಂಬ ಉದಾಹರಣೆ ಕೊಟ್ಟು ಸ್ಪಷ್ಟವಾಗಿ ಉತ್ತರಿಸಿದಳು. ಆಕೆಗೆ ಸಿಕ್ಕಿದ್ದು "ಮದುವಿ ಆದ ಮ್ಯಾಲೆ ಕೆಲಸ ಬಿಡ್ತೀಯೇನವ್ವಾ?" ಎಂಬ ಪ್ರಶ್ನೆ. ಆಕೆ ಹೊರಗೆ ಹೋದ ಮೇಲೆ, "ಮಾತು ಭಾಳ ಹಳ್ಳಿ ಕಡಿದು ಅದ" ಎಂಬ ಅಭಿಪ್ರಾಯವೂ ಕೇಳಿಬಂತು. ಉತ್ತರ ಸರಿಯಿತ್ತೆಂದು ಯಾರೂ ಹೇಳಲಿಲ್ಲ.

ಶಿಕ್ಷಣ, ಉದ್ಯೋಗಗಳಲ್ಲಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿಗೆ ದಾರಿ ಮಾಡಿದ, ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿಗಾಗಿ ಈ ಭಾಗ ವರ್ಷಗಟ್ಟಲೆ ಹೋರಾಡಿದೆ. ಅವಕಾಶದಲ್ಲಿ ನಮಗೆ ಪಾಲು ಬೇಕೆಂದು ಬೆಂಗಳೂರಿಗೆ ಹೇಳಿದ ನಾವೇ ನಮ್ಮ ತಾಂಡಾದ ಮಗಳಿಗೆ ನಮ್ಮ ಕೋಣೆಯೊಳಗೆ ಅದನ್ನು ನಿರಾಕರಿಸುವುದು ನನಗೆ ಸಹಿಸಲಾಗದ ವಿರೋಧಾಭಾಸ. ಸಂದರ್ಶನದಲ್ಲಿ ಪಕ್ಷಪಾತ ನುಸುಳಬಹುದೆಂಬ ಆತಂಕ ಹೊಸದೂ ಅಲ್ಲ: ಅಜಯ್ ಹಾಸಿಯಾ ಪ್ರಕರಣದಲ್ಲಿ, 1981ರ ಹಿಂದೆ ನಡೆದ ಕಾಲೇಜು ಪ್ರವೇಶವೊಂದರ ಕುರಿತು, ಮೌಖಿಕ ಸಂದರ್ಶನಕ್ಕೆ ಒಟ್ಟು ಅಂಕಗಳ ಮೂರನೇ ಒಂದು ಭಾಗ ಇಡುವುದು ಅತಿಯಾಯಿತೆಂದು ಸುಪ್ರೀಂ ಕೋರ್ಟ್ ಹೇಳಿ, ಶೇಕಡಾ 15ರ ಮಿತಿ ಸೂಚಿಸಿತ್ತು.

ಚಹಾದ ವೇಳೆಗೆ ನಾನು ಪ್ರಾಂಶುಪಾಲರಲ್ಲಿ, ಎಲ್ಲರಿಗೂ ಒಂದೇ ಪ್ರಶ್ನೆಗಳಿರಲಿ, ಚರ್ಚೆಗೆ ಮೊದಲೇ ಪ್ರತಿಯೊಬ್ಬ ಸದಸ್ಯರೂ ತಮ್ಮ ಹಾಳೆಯಲ್ಲಿ ಅಂಕ ಬರೆದಿಡಲಿ ಎಂದು ಕೋರಿದೆ.

"ಊರು ಕೇಳಿದ್ರ ತಪ್ಪೇನ್ರಿ ಸರ್? ಪರಿಚಯ ಆಗಬೇಕಲ್ಲ," ಎಂದರು ಹಿರಿಯರು.

"ಪರಿಚಯ ಆಯ್ಕೆ ಆದ ಮ್ಯಾಲೆ ಆಗಲಿ ಸರ್," ಎಂದೆ.

ಪ್ರಾಂಶುಪಾಲರು ಒಪ್ಪಿ, ಮುಗಿದವರನ್ನೂ ಮತ್ತೆ ಕರೆಸಿದರು. ಹಾಳೆಗಳನ್ನು ಕೂಡಿಸಿದಾಗ ಆ ಹೆಣ್ಣುಮಗಳ ಅಂಕವೇ ಹೆಚ್ಚಿತ್ತು. ಆಯ್ಕೆಯನ್ನು ಹಿರಿಯರೂ ಸಹಿ ಹಾಕಿ ಒಪ್ಪಿದರು.

ಮುಂದಿನ ನೇಮಕಾತಿಯಲ್ಲಿ ಅರ್ಜಿಗಳನ್ನು ಮೊದಲ ಹಂತದಲ್ಲಿ ಸೋಸುವಾಗ ಹೆಸರು, ಅಡ್ಡಹೆಸರು ಮುಚ್ಚಿಡಬೇಕು, ಮೀಸಲಾತಿಗೆ ಬೇಕಾದ ಜಾತಿ ಪ್ರಮಾಣಪತ್ರ ಕಚೇರಿಯಲ್ಲೇ ಇದ್ದು ಅಂಕ ಹಾಕುವವರ ಮುಂದೆ ಬರಬಾರದು ಎಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಮತ್ತೊಮ್ಮೆ ಬರೆಯುತ್ತೇನೆ.